ಹಗ್ಗವಿಲ್ಲದೆ ಬಂಡೆ ಹತ್ತುವ ತಮ್ಮನನ್ನು ತಡೆಯಬೇಕೇ? ಅನುಭವಸ್ಥರು ತಿಳಿಸಿ

ಕೇಳಿದವರು, ಚಿತ್ರದುರ್ಗ:
ನನ್ನ ತಮ್ಮನಿಗೆ ಹತ್ತೊಂಬತ್ತು ವರ್ಷ. ಚಂದ್ರವಳ್ಳಿಯ ಕಡೆ ಹಗ್ಗವಿಲ್ಲದೆ ಬಂಡೆ ಹತ್ತುತ್ತಾನೆ. ಈಚೆಗೆ ಮೂವತ್ತು ಅಡಿ ದಾಟಿದ್ದಾನೆಂದು ಅವನ ಗೆಳೆಯರಿಂದ ತಿಳಿಯಿತು. ಬೈದು ನಿಲ್ಲಿಸುವುದೋ, ಹಗ್ಗ ಕೊಡಿಸಿ ಕಲಿಸುವುದೋ ತೋಚುತ್ತಿಲ್ಲ.

ಕೋಟೆ ಬೀದಿಯ ಹಳಬ:
ನಾನು ಎಂಟು ವರ್ಷ ಹಗ್ಗವಿಲ್ಲದೆ ಹತ್ತಿದವನು. 2016ರ ಫೆಬ್ರುವರಿಯಲ್ಲಿ ಬಿದ್ದೆ. ಅದೂ ಇಪ್ಪತ್ತೇ ಅಡಿಯಿಂದ, ಅದೂ ನೂರು ಸಲ ಹತ್ತಿದ್ದ ಕಲ್ಲಿನಿಂದ. ಬಲಗೈಯಲ್ಲಿ ಹಿಡಿದಿದ್ದ ಚಕ್ಕೆ ಚಟ್ಟೆಂದು ಸದ್ದು ಮಾಡಿ ಕೈಯೊಂದಿಗೇ ಬಂತು. ನಿಂತ ಕಾಲಲ್ಲೇ ನೆಲಕ್ಕೆ ಬಿದ್ದದ್ದರಿಂದ ಎರಡೂ ಹಿಮ್ಮಡಿಯ ಮೂಳೆಗಳು ಚೂರಾದವು. ದಾವಣಗೆರೆಯಲ್ಲಿ ಶಸ್ತ್ರಚಿಕಿತ್ಸೆಗೆ 1,38,000 ರೂಪಾಯಿ, ಎಡಗಾಲಿನ ಗಾಯ ಕೀವಾಗಿ ಪ್ಲೇಟು ತೆಗೆಸಲು ಮತ್ತೆ 46,500, ಫಿಸಿಯೋಥೆರಪಿಗೆ ದಿನಕ್ಕೆ 350ರಂತೆ ನಲವತ್ತು ದಿನ, ಜೊತೆಗೆ ಹನ್ನೊಂದು ವಾರ ಸಂಬಳವಿಲ್ಲದ ರಜೆ. ಸಾಹಸ ಕ್ರೀಡೆ ಪಾಲಿಸಿಗೆ ಹೊರತು ಎಂದು ವಿಮೆಯವರು ಒಂದೇ ಸಾಲಿನ ಪತ್ರ ಕಳಿಸಿದರು. ಇಂದಿಗೂ ಬೆಳಿಗ್ಗೆ ಎದ್ದೊಡನೆ ಗೋಡೆ ಹಿಡಿದೇ ಬಚ್ಚಲಿಗೆ ಹೋಗುತ್ತೇನೆ. ಆದರೂ ಆ ಎಂಟು ವರ್ಷ ದಂಡವಾಯಿತೆನ್ನಲು ನನಗೆ ಬಾಯಿ ಬರುವುದಿಲ್ಲ.

ಜೋಗಿಮಟ್ಟಿ ರಸ್ತೆಯವ:
ಹದಿನಾಲ್ಕು ವರ್ಷದಿಂದ ಹತ್ತುತ್ತಿದ್ದೇನೆ, ಬಿದ್ದಿಲ್ಲ. ಇಳಿಯಲಾಗದ ಕಡೆ ನಾನು ಹತ್ತುವುದಿಲ್ಲ. ಮಳೆನೀರು ಹರಿದು ಕಪ್ಪು ಪಟ್ಟೆ ಬಿದ್ದ ಜಾಗ ಒಣಗಿದಂತೆ ಕಂಡರೂ ಕಾಲಿಡುವುದಿಲ್ಲ. ಮಾರ್ಚ್ ಬಂದರೆ ಒಂಬತ್ತು ಗಂಟೆಗೇ ಬೆರಳು ಬೆವರುವುದರಿಂದ ಅಷ್ಟರೊಳಗೆ ಮನೆಗೆ ಹೊರಟಿರುತ್ತೇನೆ. ಕೆಳಗೆ ಯಾರಾದರೂ ಫೋನು ಹಿಡಿದು ನಿಂತಿದ್ದರೆ ಅಂದು ಹತ್ತುವುದೇ ಇಲ್ಲ. ಅಲೆಕ್ಸ್ ಹೊನಾಲ್ಡ್ 2017ರ ಜೂನ್ 3ರಂದು ಅಮೆರಿಕದ ಎಲ್ ಕ್ಯಾಪಿಟಾನ್ ಬಂಡೆಯ ಸುಮಾರು 3,000 ಅಡಿಯನ್ನು 3 ಗಂಟೆ 56 ನಿಮಿಷದಲ್ಲಿ ಹಗ್ಗವಿಲ್ಲದೆ ಹತ್ತಿದ. ನಮ್ಮ ಕೋಟೆಯಲ್ಲೇ ಜ್ಯೋತಿರಾಜ್ ಬರಿಗೈಯಲ್ಲಿ ಗೋಡೆ ಹತ್ತುವುದನ್ನು ಪ್ರವಾಸಿಗರೆಲ್ಲ ನೋಡಿದ್ದಾರೆ. ಹಳಬರು ಚಕ್ಕೆಯನ್ನು ಎಳೆಯುವ ಮೊದಲು ಗೆಣ್ಣಿನಿಂದ ತಟ್ಟಿ ನೋಡಿದ್ದರೇ? ಪೊಳ್ಳಾದ ಕಲ್ಲು ಡೊಬ್ ಎನ್ನುತ್ತದೆ.

ಕೋಟೆ ಬೀದಿಯ ಹಳಬ:
ನೂರು ಸಲವೂ ತಟ್ಟಿದ್ದೆ, ಸ್ವಾಮಿ.

ದಾವಣಗೆರೆಯ ಹಗ್ಗದವ:
ಹೊನಾಲ್ಡನ ಹೆಸರು ಹೇಳುವವರು ಅರ್ಧ ಕಥೆಯನ್ನೇ ಹೇಳುತ್ತಾರೆ. ಅದೇ ದಾರಿಯನ್ನು ಆತ ಮೊದಲು ಹಗ್ಗ ಕಟ್ಟಿಕೊಂಡು ಮತ್ತೆ ಮತ್ತೆ ಹತ್ತಿ, ಕೈ ಎಲ್ಲಿ, ಕಾಲು ಎಲ್ಲಿ ಎಂದು ಬಾಯಿಪಾಠ ಮಾಡಿಕೊಂಡಿದ್ದ. ನನಗೆ ಶೂಗೆ 6,200, ಸೊಂಟದ ಹಾರ್ನೆಸ್‌ಗೆ 3,900, ಅರವತ್ತು ಮೀಟರಿನ ಹಗ್ಗಕ್ಕೆ 11,400 ಆಯಿತು. ಬಾದಾಮಿಯ ಮರಳುಗಲ್ಲಿನಲ್ಲಿ ಕಲಿಯುವಾಗ ಒಂದೇ ದಿನ ಒಂಬತ್ತು ಸಲ ಬಿದ್ದು, ಸಂಜೆ ನೆಟ್ಟಗೆ ನಡೆದುಕೊಂಡೇ ಹೋಗಿ ಊಟ ಮಾಡಿದೆ. ದುರ್ಗದ ಕೋಟೆ ಸಂರಕ್ಷಿತ ಸ್ಮಾರಕವಾದ್ದರಿಂದ ಅಲ್ಲಿ ಹಗ್ಗ ಸಿಕ್ಕಿಸಲು ಕಲ್ಲಿಗೆ ಬೋಲ್ಟು ಹೊಡೆಯುವಂತಿಲ್ಲ. ಅದಕ್ಕೇ ನಾನು ಊರಾಚೆಯ ಗುಂಡುಗಳಿಗೆ ಹೋಗಿ, ಮೇಲಿನ ಬಂಡೆಗೆ ಸುತ್ತು ಹಾಕಿ ಹಗ್ಗ ಇಳಿಬಿಡುತ್ತೇನೆ. ಜೋಗಿಮಟ್ಟಿಯವರೇ, ನಿಮ್ಮದು ಧೈರ್ಯವಲ್ಲ. ನೀವು ಹಿಡಿದ ಕಲ್ಲು ಇನ್ನೂ ಮುರಿದಿಲ್ಲ, ಅಷ್ಟೇ.

ಜೋಗಿಮಟ್ಟಿ ರಸ್ತೆಯವ:
ಹಗ್ಗ ಇದೆಯೆಂದು ಕಾಲನ್ನು ಹೇಗೆ ಬೇಕೋ ಹಾಗೆ ಇಡುವವರನ್ನೂ ಬೇಕಾದಷ್ಟು ನೋಡಿದ್ದೇನೆ. ಒಂಬತ್ತು ಸಲ ಬೀಳುವ ಜಾಗಕ್ಕೆ ನಾನು ಕಾಲೇ ಇಡುವುದಿಲ್ಲ.

ಹತ್ತುವವರ ಮನೆಯಾಕೆ:
ನಮ್ಮ ಯಜಮಾನರೂ ಹೀಗೇ ವಾದಿಸುತ್ತಿದ್ದರು. ಭಾನುವಾರ ಹತ್ತೂವರೆಯಾದರೂ ಬೈಕಿನ ಸದ್ದು ಕೇಳದಿದ್ದರೆ ನಾನು ಒಲೆ ಆರಿಸಿ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಮಗಳು ಹುಟ್ಟಿದ ಮೇಲೆ, ನಾನು ಹೇಳದೆಯೇ ಬಿಟ್ಟರು. ನಾಲ್ಕು ವರ್ಷವಾಯಿತು, ಅಂಗೈಯ ದಡ್ಡೆಲ್ಲ ಹೋಗಿದೆ, ಮಾತೂ ಕಡಿಮೆಯಾಗಿದೆ. ಅದಕ್ಕೂ ನಾನೇ ಕಾರಣವೆಂಬಂತೆ ಅತ್ತೆಯವರು ನೋಡುತ್ತಾರೆ.

ದಾವಣಗೆರೆಯ ಹಗ್ಗದವ:
ತಮ್ಮನಿಗಾಗಿ ಕೇಳಿದ ಅಕ್ಕನಿಗೆ ಬೇಕಿದ್ದರೆ ನನ್ನ ಹಳೆಯ ಹಗ್ಗವನ್ನು 4,000ಕ್ಕೆ ಕೊಡುತ್ತೇನೆ. ಹನ್ನೆರಡು ವರ್ಷದ್ದಾದರೂ ಎಲ್ಲಿಯೂ ಎಳೆ ಬಿಟ್ಟಿಲ್ಲ.

ಕೋಟೆ ಬೀದಿಯ ಹಳಬ:
ನೈಲಾನು ಪೆಟ್ಟಿಗೆಯಲ್ಲಿ ಇಟ್ಟರೂ ಮುದಿಯಾಗುತ್ತದೆ. ಬಳಸದಿದ್ದರೂ ಹತ್ತು ವರ್ಷಕ್ಕೆ ಬಿಸಾಡಿ ಎಂದು ತಯಾರಕರೇ ಹೇಳುತ್ತಾರೆ. ನಮಗೆ ಸುರಕ್ಷತೆಯ ಪಾಠ ಹೇಳಿ, ಹುಡುಗನಿಗೆ ಇದನ್ನು ಮಾರುತ್ತೀರಾ?

ದಾವಣಗೆರೆಯ ಹಗ್ಗದವ:
ಮೊನ್ನೆ ಭಾನುವಾರ ನಾನೇ ಅದರಲ್ಲಿ ತೂಗಿದ್ದೇನೆ. 3,000ಕ್ಕೂ ಕೊಡುತ್ತೇನೆ.