ಥೀಸಿಸ್‌ಗೆ ಎಚ್‌ಐವಿ-ಟಿಬಿ ಸಬ್ಜೆಕ್ಟ್ ಸಿಕ್ಕಿದೆ, ಈ ಫೀಲ್ಡಲ್ಲೇ ಮುಂದೆ ಹೋಗ್ಬಹುದಾ?

ಪಿಜಿ_ಹಾಸನ:

ಎಲ್ರಿಗೂ ನಮಸ್ಕಾರ. ಜನರಲ್ ಮೆಡಿಸಿನ್ ಎಂಡಿ ಫಸ್ಟ್ ಇಯರಲ್ಲಿದೀನಿ, ಕಾಲೇಜ್ ಹೆಸರು ಬೇಡ. ಥೀಸಿಸ್‌ಗೆ ನಮ್ಮ ಗೈಡ್ ಮೇಡಂ ಎಚ್‌ಐವಿ ಜೊತೆ ಟಿಬಿನೂ ಇರೋ ಪೇಷಂಟ್‌ಗಳ ಮೇಲೆ ಸ್ಟಡಿ ಮಾಡು ಅಂದಿದಾರೆ. ನಂಗೆ ಸಬ್ಜೆಕ್ಟ್ ತುಂಬಾ ಇಷ್ಟ ಆಯ್ತು, ಎಆರ್‌ಟಿ ಸೆಂಟರ್ (ಎಚ್‌ಐವಿ ಮಾತ್ರೆ ಕೊಡೋ ಕಡೆ) ಪೋಸ್ಟಿಂಗ್ ಮಾಡಿದ್ಮೇಲಂತೂ ಬೇರೆ ಯಾವುದ್ರ ಮೇಲೂ ಅಷ್ಟು ಮನಸ್ಸು ಹೋಗ್ತಿಲ್ಲ. ಆದ್ರೆ ಮನೇಲಿ ಹೇಳಿದಾಗಿಂದ ಅಮ್ಮ ಸರಿಯಾಗಿ ಮಾತಾಡ್ತಿಲ್ಲ, ನಾಳೆ ಗಂಡಿನ ಕಡೆಯವ್ರು ಮಗಳು ಏನು ಓದ್ತಿದಾಳೆ ಅಂತ ಕೇಳಿದ್ರೆ ಏನ್ ಹೇಳ್ಲಿ ಅಂತ ಅವ್ರ ಚಿಂತೆ. ಸೀನಿಯರ್ ಒಬ್ರು ಇನ್ನೊಂದು ಥರ ಹೇಳ್ತಾರೆ, ಎಚ್‌ಐವಿಗೆ ದಿನಕ್ಕೊಂದು ಮಾತ್ರೆ ಬಂದಾಯ್ತಲ್ಲ, ಅದ್ರಲ್ಲಿ ಇನ್ನೇನು ರಿಸರ್ಚ್ ಉಳಿದಿದೆ, ಸುಮ್ನೆ ಕಾರ್ಡಿಯಾಲಜಿ ಕಡೆ ನೋಡು ಅಂತ. ಇದನ್ನೇ ಇಡೀ ಜೀವನದ ಕೆಲಸ ಮಾಡ್ಕೊಂಡವ್ರು ಹೇಗೆ ಶುರು ಮಾಡಿದ್ರು, ಈಗ ಶುರು ಮಾಡೋಳಿಗೆ ಕೆಲಸ ಉಳಿದಿದ್ಯಾ, ಗೊತ್ತಿರೋರು ದಯವಿಟ್ಟು ಹೇಳಿ. ಟಾಪಿಕ್ ಸಬ್ಮಿಟ್ ಮಾಡೋಕೆ ಇನ್ನು ಹತ್ತೇ ದಿನ ಇದೆ.

ಹಳೇ_ಲ್ಯಾಬ್:

ಮಗು, ನಾನು ಮೈಕ್ರೋಬಯಾಲಜಿಯಲ್ಲಿ ಪಾಠ ಮಾಡಿ ರಿಟೈರ್ ಆದವನು. ನಿನ್ನ ಪ್ರಶ್ನೆ ಓದಿದ ತಕ್ಷಣ ನೆನಪಾಗಿದ್ದು ಒಂದೇ ವಿಷಯ, ಇಂಡಿಯಾದಲ್ಲಿ ಎಚ್‌ಐವಿ ಇದೆ ಅಂತ ಮೊದಲು ಗೊತ್ತಾಗಿದ್ದೇ ಒಬ್ಬ ಪಿಜಿ ಹುಡುಗಿಯ ಥೀಸಿಸ್‌ನಿಂದ.

ಮದ್ರಾಸ್ ಮೆಡಿಕಲ್ ಕಾಲೇಜಲ್ಲಿ ಸುನೀತಿ ಸಾಲೊಮನ್ ಅಂತ ಮೈಕ್ರೋಬಯಾಲಜಿ ಪ್ರೊಫೆಸರ್ ಇದ್ರು. ಅಮೆರಿಕದಿಂದ ಬರ್ತಿದ್ದ ಏಡ್ಸ್ ಪೇಪರ್‌ಗಳನ್ನ ಓದಿ, ನಮ್ಮಲ್ಲೂ ಇರಬಹುದಲ್ವಾ ಅಂತ ಅನುಮಾನ ಬಂದು ತಮ್ಮ ಸ್ಟೂಡೆಂಟ್ ನಿರ್ಮಲಾ ಅವರಿಗೆ ಈ ಟಾಪಿಕ್ ಕೊಟ್ರು. ಆಗ ಇಲ್ಲಿ ಎಲ್ಲರ ನಂಬಿಕೆ ಏನು ಅಂದ್ರೆ ಅದು ಪರದೇಶದ ಕಾಯಿಲೆ, ನಮ್ಮ ಸಂಸ್ಕೃತಿ ಇರೋ ಕಡೆ ಬರಲ್ಲ ಅಂತ. ನಿರ್ಮಲಾ ಮೊದಲು ಒಪ್ಪಲಿಲ್ಲ, ಗಂಡ ಧೈರ್ಯ ಹೇಳಿ ಸ್ಕೂಟರಲ್ಲಿ ಕರ್ಕೊಂಡು ಹೋಗ್ತಿದ್ರಂತೆ. ಪೊಲೀಸರು ಹಿಡಿದ ಲೈಂಗಿಕ ಕಾರ್ಯಕರ್ತೆಯರನ್ನ ಇಟ್ಟಿದ್ದ ಹೋಮ್‌ಗೆ ಹೋಗಿ ರಕ್ತ ತೆಗೆದ್ರು, ಗ್ಲೌಸ್ ಕೂಡ ಇಲ್ಲದೆ. ಸೀರಮ್ ಬೇರೆ ಮಾಡಿ ಇಡೋಕೆ ಸರಿಯಾದ ಜಾಗ ಇಲ್ಲದೆ ತಮ್ಮ ಮನೆ ಫ್ರಿಜ್ಜಲ್ಲೇ ಇಟ್ಕೊಂಡ್ರು. ಹಾಲು ಮೊಸರು ಇಡೋ ಫ್ರಿಜ್ಜು, ಯೋಚನೆ ಮಾಡು. ಮದ್ರಾಸಲ್ಲಿ ಎಲೈಸಾ ಅನ್ನೋ ಎಚ್‌ಐವಿ ರಕ್ತ ಪರೀಕ್ಷೆಯ ಸೌಲಭ್ಯ ಇರ್ಲಿಲ್ಲ, ಅದಕ್ಕೆ 1986ರ ಫೆಬ್ರವರಿಯಲ್ಲಿ ಸ್ಯಾಂಪಲ್‌ಗಳನ್ನ ಐಸ್ ಬಾಕ್ಸಲ್ಲಿ ಹಾಕ್ಕೊಂಡು ರಾತ್ರಿ ಟ್ರೈನಲ್ಲಿ ಕಾಟ್ಪಾಡಿ, ಅಲ್ಲಿಂದ ಆಟೋದಲ್ಲಿ ವೆಲ್ಲೂರು ಸಿಎಂಸಿ, ಅಲ್ಲಿ ಜೇಕಬ್ ಜಾನ್ ಅವರ ಲ್ಯಾಬು. ನೋಡಿದ್ರೆ ಆರು ಸ್ಯಾಂಪಲ್ ಹಳದಿಗೆ ತಿರುಗಿದೆ, ಅಂದ್ರೆ ಪಾಸಿಟಿವ್. ನಂಬಿಕೆ ಬಾರದೆ ಮತ್ತೆ ಮಾಡಿದ್ರು, ಮತ್ತೂ ಹಳದಿ. ಆಮೇಲೆ ಅಮೆರಿಕದಲ್ಲಿ ವೆಸ್ಟರ್ನ್ ಬ್ಲಾಟ್ ಅನ್ನೋ ಇನ್ನೊಂದು ಟೆಸ್ಟ್ ಮಾಡಿ ಕನ್ಫರ್ಮ್ ಆಯ್ತು. ನಿರ್ಮಲಾ 1987ರಲ್ಲಿ ಥೀಸಿಸ್ ಕೊಟ್ಟು, ಪಾಸಾಗಿ, ಲಸಿಕೆ ಕೆಲಸದ ಕಡೆ ಹೋದ್ರು. ಅವರ ಹೆಸರು ಎಷ್ಟೋ ವರ್ಷ ಯಾರಿಗೂ ಗೊತ್ತೇ ಇರ್ಲಿಲ್ಲ, ಅದು ನಂಗೆ ಇವತ್ತಿಗೂ ಬೇಜಾರು.

ಸುನೀತಿ ಅವರು ಮಾತ್ರ ಅಲ್ಲಿಗೆ ನಿಲ್ಲಿಸಲಿಲ್ಲ. ಲ್ಯಾಬ್ ಮನುಷ್ಯೆ, ಮೈಕ್ರೋಸ್ಕೋಪ್ ಬಿಟ್ಟು ಪೇಷಂಟ್ ಎದುರು ಬಂದು ಕೂತ್ರು. 1993ರಲ್ಲಿ ವೈಆರ್‌ಜಿ ಕೇರ್ ಶುರು ಮಾಡಿದ್ರು, ತಂದೆ ಗಾಯ್ತೊಂಡೆ ಅವರ ಹೆಸರಲ್ಲಿ. ಟೆಸ್ಟು, ಕೌನ್ಸೆಲಿಂಗು, ಆಮೇಲೆ ಚಿಕಿತ್ಸೆ, ಅದರ ಜೊತೆಗೇ ರಿಸರ್ಚು. ಪಾಸಿಟಿವ್ ಇರೋ ಹುಡುಗ ಹುಡುಗೀರಿಗೆ ಸಂಬಂಧ ಹುಡುಕಿ ಮದುವೆ ಮಾಡಿಸ್ತಿದ್ರು ಕೂಡ, ನಿಮ್ಮಮ್ಮನಿಗೆ ಇದನ್ನ ಹೇಳು. ಅವರ ತಂಡ 2003ರಲ್ಲಿ 594 ಪೇಷಂಟ್‌ಗಳ ಲೆಕ್ಕ ಪ್ರಕಟಿಸಿತು, ದಕ್ಷಿಣ ಭಾರತದಲ್ಲಿ ಈ ಕಾಯಿಲೆ ಹೇಗೆ ಮುಂದುವರಿಯುತ್ತೆ ಅಂತ. ಏಡ್ಸ್ ಹಂತದ ಕಾಯಿಲೆಗಳಲ್ಲಿ ಎಲ್ಲಕ್ಕಿಂತ ಮುಂದೆ ಇದ್ದಿದ್ದು ಶ್ವಾಸಕೋಶದ ಟಿಬಿ, 49%. ಅಮೆರಿಕದ ಪುಸ್ತಕಗಳು ಮೊದಲು ಹೇಳ್ತಿದ್ದ ನ್ಯುಮೋಸಿಸ್ಟಿಸ್ ನ್ಯುಮೋನಿಯಾ ಇಲ್ಲಿ 6% ಅಷ್ಟೆ. ನಮ್ಮ ಕಾಯಿಲೆ ಹೇಗಿದೆ ಅಂತ ನಮ್ಮ ಪೇಷಂಟ್‌ಗಳನ್ನ ನೋಡಿನೇ ತಿಳ್ಕೋಬೇಕು, ನಿನ್ನ ಗೈಡ್ ಕೊಟ್ಟಿರೋ ಸಬ್ಜೆಕ್ಟ್ ಈ ಸಾಲಲ್ಲೇ ಬರುತ್ತೆ. ಸುನೀತಿ 2015ರಲ್ಲಿ ತೀರ್ಕೊಂಡ್ರು, ಪದ್ಮಶ್ರೀ ಬಂದಿದ್ದು 2017ರಲ್ಲಿ.

ಕೌನ್ಸೆಲರ್_ಬಾಗಲಕೋಟಿ:

ತಂಗಿ, ನಾ ಒಂಬತ್ತ ವರ್ಷ ಎಆರ್‌ಟಿ ಸೆಂಟರಿನ್ಯಾಗ ಕೌನ್ಸೆಲರ್ ಆಗಿ ಕೆಲಸಾ ಮಾಡೇನಿ. ದಿನಕ್ಕೊಂದ ಗುಳಿಗಿ ಬಂದೈತಿ ಖರೆ, ಆದ್ರ ಆ ಒಂದ ಗುಳಿಗಿ ಹೊಟ್ಟಿಗೆ ಹೋಗೂದು ಎಷ್ಟ ಕಷ್ಟ ಐತಿ ಅನ್ನೂದು ನಿಮ್ಮ ಸೀನಿಯರ್‌ಗೆ ಗೊತ್ತಿಲ್ಲ ಅನಸ್ತೈತಿ. ನಮ್ಮ ಕಡೆ ಒಬ್ಬಾಕಿ ಬರತಿದ್ಲು, ಗುಳಿಗಿ ಡಬ್ಬಿ ಒಳಗ ಹತ್ತಿ ತುರುಕಿ ಒಯ್ಯಾಕಿ. ಯಾಕವಾ ಅಂದ್ರ, ಚೀಲದಾಗ ಗಲಗಲ ಸಪ್ಪಳಾ ಬಂದ್ರ ಅತ್ತಿ ಏನ ಡಬ್ಬಿ ಅದು ಅಂತ ಕೇಳ್ತಾಳ ಅಂದ್ಲು. ಮನಿಗೆ ಹೋಗಿ ಜೋಳದ ಹಿಟ್ಟಿನ ಡಬ್ಬಿ ಒಳಗ ಮುಚ್ಚಿಡಾಕಿ.

ಇನ್ನ ಟಿಬಿ ಬಂದ್ರ ಮುಗೀತು. ಟಿಬಿ ಗುಳಿಗಿ ರಿಫಾಂಪಿಸಿನ್ ಐತೆಲ್ಲಾ, ಅದು ಲಿವರಿನ್ಯಾಗ ಡೊಲುಟೆಗ್ರಾವಿರ್ ಅನ್ನೂ ಎಚ್‌ಐವಿ ಔಷಧಾನ ಲಗೂನ ಕರಗಿಸಿ ಬಿಡ್ತೈತಿ, ಅದಕ್ಕ ಆ ಔಷಧ ಸೇರಿದ ದಿನದ ಟಿಎಲ್‌ಡಿ ಗುಳಿಗಿ ತಗೊಂಡ ಹನ್ನೆರಡ ತಾಸಿಗೆ ಡೊಲುಟೆಗ್ರಾವಿರ್ ಒಂದ ಬ್ಯಾರೆ ಗುಳಿಗಿ ಮತ್ತೊಮ್ಮೆ ತಗೋಬೇಕು. ಪುಸ್ತಕದಾಗ ಇದು ಒಂದ ಸಾಲು. ಆದ್ರ ಇಟ್ಟಂಗಿ ಭಟ್ಟಿಗೆ ನಸುಕಿನ್ಯಾಗ ಹೋಗಿ ಕತ್ತಲಾದ ಮ್ಯಾಲೆ ಬರಾಂವ, ನಾಕ ಮಂದಿ ಜೋಡಿ ಒಂದ ಕ್ವಾಣ್ಯಾಗ ಮಲಗಾಂವ, ಅಂವಾ ಎರಡನೇ ಗುಳಿಗಿ ಯಾವಾಗ ತಗೋಬೇಕು? ಮ್ಯಾಲೆ ಮೂತ್ರ ಕೇಸರಿ ಬಣ್ಣ ಆಗ್ತೈತಿ, ಅದನ್ನ ನೋಡಿ ಹೆದರಿ ಎಲ್ಲಾ ಗುಳಿಗಿ ಬಿಟ್ಟ ಬಿಟ್ಟವರೂ ಅದಾರ. ನೀ ಥೀಸಿಸ್ ಮಾಡ್ತಿ ಅಂದ್ರ ಇದನ್ನ ಕೇಳವಾ, ಸಂಜಿ ಗುಳಿಗಿ ಎಷ್ಟ ಮಂದಿ ಖರೇನ ತಗೋತಾರ, ತಗೊಳ್ಳದವ್ರಿಗೆ ಏನ ಅಡಚಣಿ ಐತಿ ಅಂತ.

ಬೆಂಗಳೂರಿನ ಸೇಂಟ್ ಜಾನ್ಸ್‌ನವ್ರು ಒಂದ ದೊಡ್ಡ ಸ್ಟಡಿ ಮಾಡಿದ್ರು, 2014ರಾಗ ಬಿಎಂಜೆ ಅನ್ನೂ ವೈದ್ಯಕೀಯ ಪತ್ರಿಕೆ ಒಳಗ ಬಂದೈತಿ. ಹೊಸದಾಗಿ ಎಆರ್‌ಟಿ ಚಾಲೂ ಮಾಡಿದ 631 ಮಂದಿ, ಅರ್ಧ ಮಂದಿಗೆ ವಾರಕ್ಕೊಮ್ಮೆ ಮೊಬೈಲಿಗೆ ದನಿ ಕಾಲು, ಒಂದ ಚಿತ್ರದ ಮೆಸೇಜು, ಉಳದ ಅರ್ಧ ಮಂದಿಗೆ ಯಾವಾಗಿನ ಕೌನ್ಸೆಲಿಂಗ್ ಅಷ್ಟ. 96 ವಾರ ನೋಡಿದ್ರು. ಫರಕ ಏನೂ ಬರಲಿಲ್ಲ. ಫೋನ್ ಮಾಡಿದ್ರ ಎಲ್ಲಾ ಸರಿ ಆಗ್ತೈತಿ ಅಂತ ಭಾಳ ಮಂದಿ ಆಸೆ ಇಟ್ಟಿದ್ರು, ಆಗಲಿಲ್ಲ ಅಂತ ಇದ್ದದ್ದನ್ನ ಇದ್ದಂಗ ಬರದ್ರು. ಅಂಥಾ ರಿಸರ್ಚ್ ಮಾಡವ್ರ ಮ್ಯಾಲೆ ನನಗ ಭಾಳ ಗೌರವ ಐತಿ.

ಐಡಿ_ಫಿಸಿಷಿಯನ್:

ಮೇಲಿನವ್ರು ಹೇಳಿದ್ದೆಲ್ಲ ಸರಿ. ನಾನು ಟ್ರಯಲ್ (ಪೇಷಂಟ್‌ಗಳ ಮೇಲೆ ಚಿಕಿತ್ಸೆ ಪರೀಕ್ಷಿಸೋ ಸ್ಟಡಿ) ಕಡೆಯಿಂದ ಹೇಳ್ತೀನಿ. ಕೆರಿಯರ್ ಹೇಗಿರುತ್ತೆ ಅಂತ ಕೇಳಿದ್ರಲ್ಲ, ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿರೋ ಸಲೀಂ ಮತ್ತು ಕುರೈಶಾ ಅಬ್ದುಲ್ ಕರೀಂ ದಂಪತಿ ಕೆಲಸ ನೋಡಿ. 2002ರಲ್ಲಿ ಕ್ಯಾಪ್ರಿಸಾ ಅನ್ನೋ ಸಂಸ್ಥೆ ಕಟ್ಟಿದ್ರು. ಆಗ ಡಾಕ್ಟರುಗಳಿಗೆ ದೊಡ್ಡ ಗೊಂದಲ, ಟಿಬಿ ಚಿಕಿತ್ಸೆ ನಡೀತಿರುವಾಗ್ಲೇ ಎಚ್‌ಐವಿ ಮಾತ್ರೆ ಶುರು ಮಾಡ್ಬೇಕಾ, ಇಲ್ಲ ಟಿಬಿ ಕೋರ್ಸ್ ಮುಗಿಸಿ ಮಾಡ್ಬೇಕಾ. ಬೇಗ ಶುರು ಮಾಡಿದ್ರೆ ಚೇತರಿಸ್ಕೊಂಡ ರೋಗನಿರೋಧಕ ಶಕ್ತಿ ಒಳಗಿರೋ ಟಿಬಿ ಮೇಲೆ ಒಮ್ಮೆಲೇ ತಿರುಗಿ ಬಿದ್ದು ಜ್ವರ, ಗಂಟು ಊತ ಜಾಸ್ತಿ ಆಗುತ್ತೆ, ಐರಿಸ್ ಅಂತೀವಿ ನಾವು, ಆ ಭಯ. ಎರಡೂ ಸೇರಿ ಮಾತ್ರೆಗಳ ರಾಶಿ, ಸೈಡ್ ಎಫೆಕ್ಟ್, ಅದೂ ಭಯ. ಹಾಗಾಗಿ ಕಾಯೋರೇ ಜಾಸ್ತಿ, ಕಾಯ್ತಾ ಕಾಯ್ತಾ ಪೇಷಂಟ್ ಸಾಯ್ತಿದ್ರು. ಇವ್ರು 642 ಜನರ ಮೇಲೆ ಟ್ರಯಲ್ ಮಾಡಿ ಟಿಬಿ ಚಿಕಿತ್ಸೆ ನಡೀತಿರುವಾಗ್ಲೇ ಶುರು ಮಾಡಿದ್ರೆ ಸಾವು 56% ಕಮ್ಮಿ ಅಂತ ತೋರಿಸಿದ್ರು, ಪೇಪರ್ ಬಂದಿದ್ದು 2010ರಲ್ಲಿ. ಆದ್ರೆ ಮಿದುಳಿನ ಟಿಬಿಗೆ ಇದೇ ಲೆಕ್ಕ ಅಲ್ಲ, ವಿಯೆಟ್ನಾಂನಲ್ಲಿ ನೋಡಿದಾಗ ತಕ್ಷಣ ಶುರು ಮಾಡಿದ್ರಿಂದ ಬದುಕೋರ ಸಂಖ್ಯೆ ಹೆಚ್ಚಾಗ್ಲಿಲ್ಲ, ತೊಂದ್ರೆ ಮಾತ್ರ ಹೆಚ್ಚಾಯ್ತು. ಒಂದೇ ಬ್ಯಾಕ್ಟೀರಿಯಾ, ಕೂತಿರೋ ಜಾಗ ಬೇರೆ ಆದ್ರೆ ಉತ್ತರ ಬೇರೆ. ಇನ್ನೇನು ಉಳಿದಿದೆ ಅನ್ನೋರಿಗೆ ನಾನು ಇದನ್ನೇ ಹೇಳೋದು.

ಪ್ರಾಕ್ಟಿಕಲ್ ಆಗಿ ಒಂದು ಮಾತು, ಎಥಿಕ್ಸ್ ಕಮಿಟಿ ಅಪ್ಲಿಕೇಶನ್ ಇವತ್ತೇ ಶುರು ಮಾಡಿ. ಡಾಟಾ ಶೀಟಲ್ಲಿ ಪೇಷಂಟ್ ಹೆಸರು, ಊರು, ಫೋನ್ ನಂಬರ್ ಹಾಕ್ಲೇಬೇಡಿ, ಕೋಡ್ ನಂಬರ್ ಮಾತ್ರ. ಎಚ್‌ಐವಿ ಕಾಯ್ದೆ 2018ರಿಂದ ಜಾರಿಯಲ್ಲಿದೆ, ಒಬ್ಬರ ಎಚ್‌ಐವಿ ಸ್ಟೇಟಸ್ ಅವರ ಒಪ್ಪಿಗೆ ಇಲ್ಲದೆ ಹೊರಗೆ ಬಿಡೋದು ಸಾಮಾನ್ಯವಾಗಿ ಕಾನೂನು ಪ್ರಕಾರ ತಪ್ಪು. ಎಂಡಿ ಆದ್ಮೇಲೆ ಚೆನ್ನೈನ ಟಿಬಿ ಸಂಶೋಧನಾ ಸಂಸ್ಥೆ ಎನ್‌ಐಆರ್‌ಟಿ, ಪುಣೆಯ ಏಡ್ಸ್ ಸಂಶೋಧನಾ ಸಂಸ್ಥೆ (ಮೊದ್ಲು ನಾರಿ ಅಂತಿದ್ರು, ಈಗ ಹೆಸರು ನಿಟ್ವಾರ್), ಎರಡೂ ಕೇಂದ್ರ ಸರ್ಕಾರದ ಐಸಿಎಂಆರ್ ಸಂಸ್ಥೆಗಳು, ಅಲ್ಲಿನ ಪೋಸ್ಟ್‌ಗಳ ಮೇಲೆ ಕಣ್ಣಿಡಿ. ಸಂಬಳ ಪ್ರೈವೇಟ್ ಕಾರ್ಡಿಯಾಲಜಿಸ್ಟ್‌ಗೆ ಸಮ ಬರಲ್ಲ, ಅದನ್ನ ಮುಚ್ಚಿಡೋದು ಬೇಡ.

ಮಾತ್ರೆ_ಅಪ್ಪ:

ಮೇಡಂ, ನಾನು ಡಾಕ್ಟರಲ್ಲ, ಪೇಷಂಟು. 2007ರಿಂದ ಮಾತ್ರೆ ತಗೋತಿದೀನಿ, ಆಗ ನಂಗೂ ಕತ್ತಲ್ಲಿ ಟಿಬಿ ಗಂಟು ಇತ್ತು. ಮೊದ್ಲು ಕೊಟ್ಟಿದ್ರಲ್ಲಿ ಸ್ಟಾವುಡಿನ್ ಅಂತ ಒಂದಿತ್ತು, ಅದು ಜೀವ ಉಳಿಸ್ತು ಆದ್ರೆ ಎರಡು ವರ್ಷದಲ್ಲಿ ಕೆನ್ನೆ ಒಳಗೆ ಹೋಗಿ, ಕೈಕಾಲು ನರ ಎದ್ದು, ಪಾದ ಉರಿ, ಕನ್ನಡಿ ನೋಡೋಕೆ ಆಗ್ತಿರ್ಲಿಲ್ಲ. ಮುಖ ನೋಡಿನೇ ಜನ ಗುರುತು ಹಿಡೀತಿದ್ರು. ಆ ಮಾತ್ರೆ ಹೀಗೆ ಮಾಡುತ್ತೆ ಅಂತ ಯಾರೋ ಕೂತು ಲೆಕ್ಕ ಹಾಕಿ ಬರೆದಿದ್ದಕ್ಕೇ ಅಲ್ವಾ ಅದನ್ನ ನಿಲ್ಲಿಸಿ ಬೇರೆ ಕೊಟ್ಟಿದ್ದು.

ನನ್ನ ಹೆಂಡತಿ ನೆಗೆಟಿವ್, ಇಬ್ರು ಮಕ್ಕಳೂ ನೆಗೆಟಿವ್. ವೈರಲ್ ಲೋಡ್, ಅಂದ್ರೆ ರಕ್ತದಲ್ಲಿರೋ ವೈರಸ್ ಪ್ರಮಾಣ, ಟೆಸ್ಟಲ್ಲಿ ಕಾಣದಷ್ಟು ಕಮ್ಮಿ ಇದ್ರೆ ಇನ್ನೊಬ್ರಿಗೆ ದೈಹಿಕ ಸಂಬಂಧದಿಂದ ಹರಡಲ್ಲ ಅಂತ ನಮ್ಮ ಡಾಕ್ಟರ್ ಹೇಳಿದ ದಿನ ನಾವಿಬ್ರೂ ಆಸ್ಪತ್ರೆ ಹೊರಗಡೆ ಬೆಂಚಲ್ಲಿ ಕೂತು ಅತ್ವಿ. ಅದನ್ನ ಸಾಬೀತು ಮಾಡೋಕೆ ಒಂಬತ್ತು ದೇಶದಲ್ಲಿ 1763 ಜೋಡಿಗಳ ಮೇಲೆ ಸ್ಟಡಿ ಮಾಡಿದ್ರಂತೆ, ಚೆನ್ನೈ ಪುಣೆಯವ್ರೂ ಇದ್ರು ಅಂತ ಆಮೇಲೆ ತಿಳ್ಕೊಂಡೆ, 2011ರಲ್ಲಿ ಫಲಿತಾಂಶ ಬಂತು, ಬೇಗ ಮಾತ್ರೆ ಶುರು ಮಾಡಿದ್ರೆ ಜೊತೆಗಾರರಿಗೆ ಹರಡೋದು 96% ಕಮ್ಮಿ. ಆ ಜೋಡಿಗಳು ಯಾರು ಅಂತ ನಂಗೊತ್ತಿಲ್ಲ, ಆದ್ರೆ ಹಬ್ಬದ ದಿನ ದೇವರ ಮುಂದೆ ಅವ್ರನ್ನೂ ನೆನೆಸ್ಕೋತೀನಿ.

ನಿಮ್ಮ ಸೀನಿಯರ್ ಕಾರ್ಡಿಯಾಲಜಿ ಅಂದ್ರಲ್ಲ, ಅದೂ ನಮ್ಮದೇ ವಿಷ್ಯ ಮೇಡಂ. ವೈರಸ್ ಹಿಡಿತದಲ್ಲಿದ್ರೂ ನಮ್ಮಂಥವ್ರಿಗೆ ಹಾರ್ಟ್ ತೊಂದ್ರೆ ಬೇರೆಯವ್ರಿಗಿಂತ ಜಾಸ್ತಿ ಬರುತ್ತಂತೆ. 2023ರಲ್ಲಿ ಒಂದು ದೊಡ್ಡ ಸ್ಟಡಿ ಬಂತು, 7769 ಜನ, ಪಿಟಾವಸ್ಟಾಟಿನ್ ಅನ್ನೋ ಕೊಲೆಸ್ಟ್ರಾಲ್ ಮಾತ್ರೆ ಕೊಟ್ರೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಅಂಥದ್ದು 35% ಕಮ್ಮಿ ಆಯ್ತು ಅಂತ. ನಂಗೀಗ 52 ವರ್ಷ, ಶುಗರ್ ಬಾರ್ಡರಲ್ಲಿದೆ, ಮೊಣಕಾಲು ನೋವಿದೆ. ಎಆರ್‌ಟಿ ಸೆಂಟರಲ್ಲಿ ಮಾತ್ರೆ ಎಣಿಸಿ ಕೊಡ್ತಾರೆ, ಈ ಬಾಕಿದಕ್ಕೆ ಬೇರೆ ಓಪಿಡಿಗೆ ಹೋದ್ರೆ ಒಂದ್ಸಲ ಒಬ್ರು ಡಾಕ್ಟರ್ ನನ್ನ ಬುಕ್ ನೋಡಿ ಬಿಪಿ ಪಟ್ಟಿ ಕಟ್ಟೋಕೂ ಹಿಂದೆಮುಂದೆ ನೋಡಿದ್ರು. ನಮ್ಮ ಜೊತೆ ವಯಸ್ಸಾಗ್ತಾ ಹೋಗೋ ಡಾಕ್ಟರ್ ಬೇಕು ನಮಗೆ. ನಿಮ್ಮ ಅಮ್ಮನಿಗೆ ನನ್ನ ಕಡೆಯಿಂದ ನಮಸ್ಕಾರ ಹೇಳಿ.

ಪಿಜಿ_ಹಾಸನ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಮಾತ್ರೆ ಅಪ್ಪ ಅವ್ರೇ, ನೀವು ಬರೆದಿದ್ದನ್ನ ನಿನ್ನೆ ರಾತ್ರಿ ಅಮ್ಮನಿಗೆ ಫೋನಲ್ಲಿ ಓದಿ ಹೇಳ್ದೆ. ತುಂಬಾ ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ ಅವ್ರ ಮಕ್ಕಳು ಏನ್ ಓದ್ತಿದಾರಂತೆ ಅಂತ ಕೇಳಿದ್ರು.

ಕೌನ್ಸೆಲರ್ ಅಕ್ಕಾ, ನೀವು ಹೇಳಿದ ಎರಡನೇ ಮಾತ್ರೆ ವಿಷಯ ಗೈಡ್ ಮೇಡಂ ಹತ್ರ ಮಾತಾಡಿದೆ, ಅದನ್ನೇ ಮುಖ್ಯ ಪ್ರಶ್ನೆ ಮಾಡ್ಕೋ ಅಂದ್ರು. ಪೇಷಂಟ್‌ಗೆ ಕೇಳೋ ಪ್ರಶ್ನೆಗಳ ಪಟ್ಟಿ ಕನ್ನಡದಲ್ಲಿ ಬರೀತಿದೀನಿ, ಮಾತ್ರೆ ಎಲ್ಲಿಡ್ತೀರಿ ಅನ್ನೋದನ್ನೂ ಸೇರಿಸ್ದೆ. ಬರೆದು ಮುಗಿಸಿದ್ಮೇಲೆ ಇಲ್ಲೇ ಹಾಕ್ತೀನಿ, ಯಾವ ಮಾತು ಮನಸ್ಸಿಗೆ ಚುಚ್ಚುತ್ತೆ ಅಂತ ನೀವಿಬ್ರೂ ನೋಡಿ ಹೇಳ್ತೀರಾ?