ಸಂಡೂರಿನ ಗುಡ್ಡಕ್ಕೆ ಮೇಕೆ ಬಿಡಬೇಕಾ, ಬೇಡವಾ?

ಗುಡ್ಡದ ಹುಡುಗ: ಸಂಡೂರಿನಲ್ಲಿ ನಮ್ಮೂರ ಹಿಂದಿನ ಗುಡ್ಡವನ್ನು ಮೂರು ವರ್ಷದಿಂದ ನೋಡುತ್ತಿದ್ದೇನೆ. ಕಡಿದ ದಿಂಡಿಗ ಮರದ ಬೊಡ್ಡೆ ಮಳೆಗಾಲದಲ್ಲಿ ಚೆನ್ನಾಗಿ ಚಿಗುರುತ್ತದೆ. ದೀಪಾವಳಿ ಹೊತ್ತಿಗೆ ಮೇಕೆಗಳು ಕುಡಿ ಕಚ್ಚಿರುತ್ತವೆ. ಗಿಡ ಮೊಣಕಾಲೆತ್ತರಕ್ಕೇ ನಿಂತುಬಿಡುತ್ತದೆ. ಮೇಕೆ ಮುಟ್ಟದ ಬಂದರಿಕೆ ಪೊದೆ ಮಾತ್ರ ಹಬ್ಬುತ್ತಿದೆ. ನಾಲ್ಕೈದು ವರ್ಷ ಮೇಯಿಸುವುದು ನಿಲ್ಲಿಸಿದರೆ ಕಾಡು ತಾನೇ ಏಳುತ್ತದೆ. ಗುಡ್ಡದ ಬುಡದಲ್ಲಿ ಬಳ್ಳಾರಿ ಜಾಲಿ ಹರಡಿದ್ದೂ ಕುರಿ, ಮೇಕೆಯಿಂದಲೇ.

ಕಂಬಳಿ ಮನೆ: 'ಮೇಯಿಸುವುದು ನಿಲ್ಲಿಸಿ' ಅನ್ನೋದು ಸುಲಭ ತಮ್ಮಾ. ಗುಡ್ಡ ಬೋಳಾಗಿದ್ದು ಮೇಕೆಯಿಂದಲಾ? 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ್ದು ಯಾಕೆ? 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಮೇಯಿಸುವ ಹಕ್ಕೂ ಇದೆ. ಓದಿಕೊಂಡು ಬಾ.

ಬೀಜದುಂಡೆ: ಗಣಿ ಹೆಸರು ಹೇಳಿ ಜಾರಿಕೊಳ್ಳಬೇಡಿ ಅಣ್ಣಾ. ಗಣಿ ಇಲ್ಲದ ಗುಡ್ಡಕ್ಕೂ ಹೋಗಿದ್ದೇನೆ. ದೊಡ್ಡ ಕಮರದ ಮರಗಳಿವೆ, ಕೆಳಗೆ ಒಂದು ಎಳೆ ಗಿಡ ಇಲ್ಲ.

ಹಳೇ ಮೇಷ್ಟ್ರು: ಜಾಲಿ ಕುರಿಯಿಂದ ಹರಡಿತು ಅನ್ನುವುದು ಸುಳ್ಳು. ಅದು ಈ ನೆಲದ್ದೇ ಮರ. ಹೆಸರಲ್ಲೇ ಬಳ್ಳಾರಿ ಇದೆಯಲ್ಲಪ್ಪಾ.

ಬೀಜದುಂಡೆ: ಮೇಷ್ಟ್ರೇ, ಅದು ಅಮೆರಿಕ ಕಡೆಯ ಮರ. ಭಾರತಕ್ಕೆ ಬಂದದ್ದು 1870ರ ದಶಕದಲ್ಲಿ. ಎಲೆ ಮುಟ್ಟದ ಕುರಿ ಸಿಹಿ ಕಾಯಿ ಮಾತ್ರ ಬಿಡುವುದಿಲ್ಲ. ಬೀಜ ಹಿಕ್ಕೆಯಲ್ಲಿ ಬಿದ್ದು ಮೊಳೆಯುತ್ತದೆ.

ಹಳೇ ಮೇಷ್ಟ್ರು: ಅಮೆರಿಕ ಅಂದ ತಕ್ಷಣ ಬೇಡವಾಯಿತಾ? ಮೆಣಸಿನಕಾಯಿಯೂ ಅಲ್ಲಿಂದಲೇ ಬಂದದ್ದು. ಅದನ್ನೂ ಬಿಟ್ಟು ಊಟ ಮಾಡುತ್ತೀರಾ?

ಬೀಜದುಂಡೆ: ಈಗ ತಾನೇ 'ಈ ನೆಲದ್ದೇ' ಅಂದಿರಿ!

ಹಳೇ ಮೇಷ್ಟ್ರು: ನೂರೈವತ್ತು ವರ್ಷ ಬದುಕಿದ ಮೇಲೆ ಈ ನೆಲದ್ದೇ. ನನಗೆ ಪಾಠ ಹೇಳಬೇಡಿ.

ರಾಯಚೂರು ಇದ್ದಿಲು: ಜಾಲಿಗೆ ಸುಮ್ನೆ ಬೈಯಬೇಡಿ. ಮಳೆ ಕೈಕೊಟ್ಟ ವರ್ಷ ನಮ್ಮ ಮನೆ ನಡೆದದ್ದೇ ಜಾಲಿ ಇದ್ದಿಲು ಸುಟ್ಟು.

ಬೀಜದುಂಡೆ: ಯಾರ ಹೊಟ್ಟೆಗೂ ನಾನು ಹೊಡೆಯುತ್ತಿಲ್ಲ. ಅದು ಬೆಳೆದ ಕಡೆ ಹುಲ್ಲು ಬರುವುದಿಲ್ಲ, ಕುರಿಗೇ ಮೇವಿಲ್ಲ. ಇದನ್ನು ಯಾರೂ ಮಾತಾಡಲ್ಲ!

ಗುಡ್ಡದ ಹುಡುಗ: ನಾನು ಶುರು ಮಾಡಿದ್ದು ದಿಂಡಿಗದ ಮಾತು. ಜಾಲಿ ಬಿಡಿ ದಯವಿಟ್ಟು.

ಕಂಬಳಿ ಮನೆ: ಕುರಿ ಬೇರೆ, ಮೇಕೆ ಬೇರೆ. ಕುರಿಗೆ ಹುಲ್ಲು ಸಾಕು. ಮೇಕೆ ಹಿಂಗಾಲ ಮೇಲೆ ನಿಂತು ಟೊಂಗೆಗೆ ಬಾಯಿ ಹಾಕುತ್ತದೆ. ಎರಡಕ್ಕೂ ಒಂದೇ ಬೇಲಿ ಯಾಕೆ? ಮೇಯದೆ ಬಿಟ್ಟ ಹುಲ್ಲು ಒಣಗಿ ನಿಲ್ಲುತ್ತದೆ. ಒಂದು ಬೀಡಿ ಕಿಡಿ ಸಾಕು.

ಗುಡ್ಡದ ಹುಡುಗ: 'ಟೊಂಗೆಗೆ ಬಾಯಿ ಹಾಕುತ್ತದೆ' ಅಂತ ನೀವೇ ಅಂದಿರಲ್ಲ! ಹಾಗಾದರೆ ಕುರಿ ಬಿಡಿ, ಮೇಕೆ ಬೇಡ.

ಕಂಬಳಿ ಮನೆ: ನಮ್ಮ ಮಂದೆಯಲ್ಲಿ ಎರಡೂ ಇವೆ. ಗಂಡನಿಲ್ಲದ ಹೆಂಗಸರ ಹತ್ತಿರ ಇರುವುದೇ ನಾಲ್ಕು ಮೇಕೆ. ಅವರಿಗೆ ಏನು ಹೇಳಲಿ?

ಬೀಜದುಂಡೆ: ಕುಡಿ ಕೊಯ್ದು ಮನೆಗೇ ತಂದು ಹಾಕಲಿ.

ಕಂಬಳಿ ಮನೆ: ಗುಡ್ಡ ಹತ್ತಿ ಕೊಯ್ದು ಹೊತ್ತು ತರೋದು ನೀನಾ? ಕೂಲಿಗೆ ಹೋಗೋದು ಯಾವಾಗ ಅವಳು?

ಗುಡ್ಡದ ಹುಡುಗ: ಈ ಮಳೆಗಾಲಕ್ಕೆ ಹತ್ತು ಬೊಡ್ಡೆಗೆ ಮುಳ್ಳುಬೇಲಿ ಹಚ್ಚುತ್ತೇನೆ. ಹತ್ತನ್ನು ಹಾಗೇ ಬಿಡುತ್ತೇನೆ. ಬಂದು ನೋಡಿ ಅಣ್ಣಾ.

ಕಂಬಳಿ ಮನೆ: ಹಚ್ಚು. ಶಿವರಾತ್ರಿ ಆದಮೇಲೆ ಬರುತ್ತೇನೆ, ಬೆಂಕಿ ಬೀಳುವ ಕಾಲಕ್ಕೆ.