ಸಂಶೋಧನೆ ಮುಗಿದ ಮೇಲೆ: ಲೇಖನ ಎಲ್ಲಿಗೆ ಕಳಿಸಬೇಕು, ಇಲಾಖೆಗೆ ಹೇಗೆ ಮುಟ್ಟಿಸಬೇಕು?

ಪ್ರಶ್ನೆ (ಗದಗದಿಂದ): ನಮಸ್ಕಾರ ಮೇಡಂ. ಹೋದ ವರ್ಷ ನನ್ನ ಪಿಎಚ್‌ಡಿ ಮುಗಿಯಿತು. ರೋಣ, ಮುಂಡರಗಿ ಕಡೆಯ ಕೃಷಿ ಹೊಂಡಗಳ ಮೇಲೆ ಕೆಲಸ ಮಾಡಿದ್ದೇನೆ. ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಎಷ್ಟೋ ಹೊಂಡ ಕೆಲವೇ ಮಳೆಗಾಲಕ್ಕೆ ಹೂಳು ತುಂಬಿ ಬಿದ್ದಿವೆ. ನೀರು ಒಳಗೆ ಬರುವ ಕಡೆ ಹೂಳು ನಿಲ್ಲುವ ಹಾಗೆ ಒಂದು ಗುಂಡಿ ತೋಡಿಸಿದವರ ಹೊಂಡ ಮಾತ್ರ ಚೆನ್ನಾಗಿವೆ. ಈಗ ಒಂದು ಜರ್ನಲ್‌ನಿಂದ ಮೇಲ್ ಬಂದಿದೆ. ದುಡ್ಡು ಕಟ್ಟಿದರೆ ಒಂದೇ ವಾರದಲ್ಲಿ ಪ್ರಕಟಿಸುತ್ತಾರಂತೆ. ಐಎಸ್‌ಎಸ್‌ಎನ್ ಕೂಡ ಇದೆ. ಕಳಿಸಲಾ? ಮತ್ತೆ, ಕೃಷಿ ಇಲಾಖೆಯವರು ಇದನ್ನು ಓದುವ ಹಾಗೆ ಮಾಡೋದು ಹೇಗೆ?

ಉತ್ತರ: ದಯವಿಟ್ಟು ದುಡ್ಡು ಕಟ್ಟಬೇಡಿ. ಐಎಸ್‌ಎಸ್‌ಎನ್ ಅನ್ನೋದು ಪತ್ರಿಕೆಯನ್ನು ಗುರುತಿಸುವ ನಂಬರ್ ಅಷ್ಟೇ, ಗುಣಮಟ್ಟದ ಮುದ್ರೆ ಅಲ್ಲ. ವಿಷಯ ಬಲ್ಲವರು ಲೇಖನ ಓದಿ, ತಪ್ಪು ತೋರಿಸಿ, ನೀವು ತಿದ್ದಿ ಕಳಿಸುವುದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ವಾರದಲ್ಲಿ ಪ್ರಕಟಿಸುತ್ತೇವೆ ಅನ್ನುವವರು ಲೇಖನವನ್ನು ಯಾರಿಗೂ ತೋರಿಸುವುದಿಲ್ಲ ಅಂತಲೇ ತಿಳಿಯಿರಿ. ದುಡ್ಡು ತಗೊಳ್ಳುವ ಒಳ್ಳೆಯ ಜರ್ನಲ್‌ಗಳೂ ಇವೆ. ಆದರೆ ಅವರು ಮೊದಲು ಓದಿ ಒಪ್ಪುತ್ತಾರೆ, ಆಮೇಲೆ ದುಡ್ಡಿನ ಮಾತು.

ಮೊದಲೆಲ್ಲ ಒಪ್ಪಬಹುದಾದ ಜರ್ನಲ್‌ಗಳು ಯಾವುವು ಅಂತ ತಿಳಿಯಲು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ಕೇರ್ ಪಟ್ಟಿ ನೋಡಿದರೆ ಆಗುತ್ತಿತ್ತು. 2025ರ ಫೆಬ್ರುವರಿಯಲ್ಲಿ ಅದನ್ನು ಕೈಬಿಟ್ಟರು. ಈಗ ನಾವೇ ವಿಚಾರಿಸಿಕೊಳ್ಳಬೇಕು. ಆ ಜರ್ನಲ್‌ನ ಹಳೆ ಸಂಚಿಕೆಯ ಒಂದೆರಡು ಲೇಖನ ಪೂರ್ತಿ ಓದಿ. ಸಂಪಾದಕ ಮಂಡಳಿಯಲ್ಲಿರುವ ಒಬ್ಬರಿಗೆ, ಅವರ ವಿಶ್ವವಿದ್ಯಾಲಯದ ವಿಳಾಸ ಹುಡುಕಿ ಮೇಲ್ ಹಾಕಿ. ಎಷ್ಟೋ ಸಲ ತಮ್ಮ ಹೆಸರು ಅಲ್ಲಿರುವುದೇ ಅವರಿಗೆ ಗೊತ್ತಿರುವುದಿಲ್ಲ.

ಮಣ್ಣು, ನೀರಿನ ಕಡೆ ಒತ್ತು ಕೊಡುವುದಾದರೆ ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದೇ ಜರ್ನಲ್ ಆಫ್ ಫಾರ್ಮ್ ಸೈನ್ಸಸ್ ಇದೆ (ಮೊದಲು ಅದರ ಹೆಸರು ಕರ್ನಾಟಕ ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್). ಯೋಜನೆ, ಖರ್ಚು, ರೈತರ ಕಡೆ ಒತ್ತು ಅಂದರೆ ಮುಂಬೈನ ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ. ಅಲ್ಲಿ ಲೇಖಕರಿಂದ ದುಡ್ಡು ಕೇಳುವುದಿಲ್ಲ. ಇಡೀ ಪ್ರಬಂಧವನ್ನು ಒಂದು ಲೇಖನಕ್ಕೆ ತುರುಕಬೇಡಿ. ಹೂಳಿನ ವಿಷಯ ಒಂದೇ ಸಾಕು.

ನಿಮ್ಮ ಎರಡನೇ ಪ್ರಶ್ನೆ ನನಗೆ ಇನ್ನೂ ಮುಖ್ಯ. ಇಲಾಖೆಗೆ ಜರ್ನಲ್ ಲೇಖನ ಒಯ್ದು ಕೊಡಬೇಡಿ. ಎರಡು ಪುಟದ ಕನ್ನಡ ಟಿಪ್ಪಣಿ ಬರೆಯಿರಿ. ಬರೆಯುವ ಮುಂಚೆ ಯೋಚನೆ ಮಾಡಿ: ನಾನು ಹೇಳಿದ್ದನ್ನು ಅವರು ಒಪ್ಪಿದರೆ, ಯಾವ ಕಾಗದದ ಯಾವ ಸಾಲು ಬದಲಾಗಬೇಕು? ಇದು ಗೊತ್ತಿಲ್ಲದೆ ಹೋದರೆ ಅವರು ಚಹಾ ಕುಡಿಸಿ ಕಳಿಸುತ್ತಾರೆ, ಕೆಲಸ ಆಗುವುದಿಲ್ಲ. ಕೃಷಿ ಭಾಗ್ಯ ಅನ್ನೋದು ಕೃಷಿ ಹೊಂಡಕ್ಕೆ ಸಹಾಯಧನ ಕೊಡಲು ರಾಜ್ಯ ಸರ್ಕಾರ 2014ರಲ್ಲಿ ಶುರು ಮಾಡಿದ ಯೋಜನೆ. ಅದಕ್ಕೆ ಮಾರ್ಗಸೂಚಿ ಇರುತ್ತದೆ, ಹೊಂಡಕ್ಕೆ ಖರ್ಚಿನ ಅಂದಾಜು ಪಟ್ಟಿ ಇರುತ್ತದೆ. ಎರಡನ್ನೂ ಕೇಳಿ ತಗೊಳ್ಳಿ, ಕೂತು ಓದಿ.

ಆಮೇಲೆ ಟಿಪ್ಪಣಿಯನ್ನು ಹೀಗೆ ಶುರು ಮಾಡಿ: ‘ಎರೆ ಭೂಮಿಯ ಕೃಷಿ ಹೊಂಡಕ್ಕೆ ನೀರು ಒಳಬರುವ ಕಡೆ ಹೂಳು ಗುಂಡಿ ಕಡ್ಡಾಯ ಮಾಡಬೇಕು. ಅದರ ಖರ್ಚನ್ನು ಅಂದಾಜು ಪಟ್ಟಿಯಲ್ಲೇ ಸೇರಿಸಬೇಕು.’ ಮಳೆಯ ಮಹತ್ವ, ಬರದ ಇತಿಹಾಸ ಏನೂ ಬೇಡ, ಅದು ಅವರಿಗೆ ಗೊತ್ತು. ಕೆಳಗೆ ಎರಡು ಫೋಟೋ ಹಾಕಿ: ಗುಂಡಿ ಇರುವ ಹೊಂಡ, ಇಲ್ಲದ ಹೊಂಡ, ಎರಡೂ ಒಂದೇ ಊರಿನವು, ಒಂದೇ ದಿನ ತೆಗೆದವು. ಗುಂಡಿ ತೋಡಲು ಜೆಸಿಬಿ ಎಷ್ಟು ತಾಸು ಜಾಸ್ತಿ ಬೇಕಾಯಿತು, ತಾಸಿಗೆ ಬಾಡಿಗೆ ಎಷ್ಟು ಅಂತ ರೈತರನ್ನೇ ಕೇಳಿ ಬರೆಯಿರಿ. ಅಧಿಕಾರಿ ಮೊದಲು ನೋಡುವುದು ಆ ಲೆಕ್ಕವನ್ನೇ. ಮಸಾರಿ (ಕೆಂಪು ಮಣ್ಣಿನ) ನೆಲದ ಕಥೆ ಬೇರೆ, ಅಲ್ಲಿ ನೀರು ಇಂಗಿ ಹೋಗುವುದೇ ದೊಡ್ಡ ತೊಂದರೆ. ನಿಮ್ಮ ಮಾತು ಅಲ್ಲಿಗೆ ಅನ್ವಯಿಸುವುದಿಲ್ಲ ಅಂತ ಸ್ಪಷ್ಟವಾಗಿ ಬರೆದುಬಿಡಿ. ಅದರಿಂದ ನಂಬಿಕೆ ಹೆಚ್ಚುತ್ತದೆ.

ಮೊದಲು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ಆಮೇಲೆ ತಾಲ್ಲೂಕಿನ ಸಹಾಯಕ ನಿರ್ದೇಶಕರು, ಆಮೇಲೆ ಜಿಲ್ಲೆಯ ಜಂಟಿ ನಿರ್ದೇಶಕರು. ಮಾರ್ಗಸೂಚಿ ಬದಲಾಗುವುದು ಬೆಂಗಳೂರಿನಲ್ಲಿ, ನಿಜ. ಆದರೆ ನೀವೇ ನೇರ ಹಾಕಿದ ಅರ್ಜಿಗಿಂತ ಜಿಲ್ಲೆಯಿಂದ ಹೋದ ಪತ್ರಕ್ಕೆ ತೂಕ ಜಾಸ್ತಿ. ಮುಂಗಾರಿನಲ್ಲಿ ಹೋಗಬೇಡಿ. ಬೀಜ, ಗೊಬ್ಬರದ ಗದ್ದಲದಲ್ಲಿ ಅವರಿಗೆ ಉಸಿರಾಡಲೂ ಪುರುಸೊತ್ತು ಇರಲ್ಲ. ರಾಜ್ಯ ಬಜೆಟ್ ಸಾಮಾನ್ಯವಾಗಿ ಫೆಬ್ರುವರಿ, ಮಾರ್ಚ್‌ನಲ್ಲಿ ಬರುತ್ತದೆ. ದೀಪಾವಳಿ ಆಸುಪಾಸಿಗೆ ಟಿಪ್ಪಣಿ ಅವರ ಕೈಲಿರಬೇಕು.

ಪ್ರಶ್ನೆ (ಅವರೇ): ಯೋಜನೆ ಸರಿ ಇಲ್ಲ ಅಂದರೆ ಅವರಿಗೆ ಸಿಟ್ಟು ಬರಲ್ವಾ?

ಉತ್ತರ: ಬರಬಹುದು. ಅದಕ್ಕೇ ಪ್ರಕಟ ಆಗುವ ಮುಂಚೆಯೇ ತೋರಿಸಿ. ‘ಇದರಲ್ಲಿ ಮಾಹಿತಿ ತಪ್ಪಿದ್ದರೆ ಹೇಳಿ ಸರ್’ ಅನ್ನಿ. ಅವರು ತಪ್ಪು ತೋರಿಸಿದರೆ ತಿದ್ದಿ. ‘ಈ ಮಾತೇ ಬೇಡ, ತೆಗೆಯಿರಿ’ ಅಂದರೆ ಮಾತ್ರ ತೆಗೆಯಬೇಡಿ.

ಪ್ರಶ್ನೆ (ಹಾವೇರಿಯಿಂದ): ಮೇಡಂ, ನಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೂಲಿ ಬಗ್ಗೆ ಕೆಲಸ ಮಾಡುತ್ತಿದ್ದೇನೆ. ಲೇಖನದಲ್ಲಿ ತಮ್ಮ ಹೆಸರೇ ಮೊದಲಿರಬೇಕು ಅಂತಾರೆ ನಮ್ಮ ಗೈಡ್. ಏನು ಮಾಡಲಿ?

ಉತ್ತರ: ಊರೂರು ತಿರುಗಿ ಮಾತಾಡಿಸಿದ್ದು, ಬರೆದದ್ದು ನೀವಾದರೆ ಮೊದಲ ಹೆಸರು ನಿಮ್ಮದೇ. ಗೈಡ್ ನಿಜವಾಗಿ ಕೆಲಸ ಮಾಡಿದ್ದರೆ ಅವರದು ಆಮೇಲೆ ಬರುತ್ತದೆ. ಜಗಳ ಬೇಡ. ಮುಂದಿನ ಲೇಖನ ಶುರು ಮಾಡುವ ಮೊದಲೇ ಯಾರು ಏನು ಮಾಡುತ್ತೇವೆ, ಹೆಸರು ಯಾವ ಕ್ರಮದಲ್ಲಿ ಅಂತ ಮೇಲ್‌ನಲ್ಲಿ ಬರೆದು ಒಪ್ಪಿಗೆ ತಗೊಳ್ಳಿ. ಯಾರು ಯಾವ ಕೆಲಸ ಮಾಡಿದರು ಅಂತ ಬರೆದು ಕೊಡಿ ಅಂತ ಈಗ ಎಷ್ಟೋ ಜರ್ನಲ್‌ಗಳು ಕೇಳುತ್ತವೆ. ಅದನ್ನು ಮುಂದಿಟ್ಟು ಮಾತಾಡಿದರೆ ಸುಲಭ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಸಿಕ್ಕಿತು. ಕಾಯಿಯ ಬಣ್ಣದ ಬಗ್ಗೆ ನಾನು ಬೇಕಾದಷ್ಟು ಓದಿದ್ದೇನೆ, ಕೈ ಉರಿಸಿಕೊಂಡು ತೊಟ್ಟು ಬಿಡಿಸುವವರ ಬಗ್ಗೆ ತೀರಾ ಕಡಿಮೆ. ನೀವು ಬರೆಯಲೇಬೇಕು. ಆದರೆ ಅದು ಚಿಕ್ಕ ಊರು. ‘ಮಾರ್ಕೆಟ್ ಹಿಂದಿನ ಗೋದಾಮು, ಐವತ್ತು ದಾಟಿದ ವಿಧವೆ’ ಅಂತ ಬರೆದರೆ ಸಾಕು, ಯಾರು ಅಂತ ಗೊತ್ತಾಗಿಬಿಡುತ್ತದೆ. ಮರುದಿನ ಆಕೆಯನ್ನು ಕೆಲಸಕ್ಕೆ ಕರೆಯದೇ ಇರಬಹುದು. ಹೆಸರು ಬದಲಿಸಿದರೆ ಸಾಲದು, ಗೋದಾಮು, ವಯಸ್ಸು, ಓಣಿ ಎಲ್ಲವನ್ನೂ ಮರೆಸಿ.

ಕನಿಷ್ಠ ಕೂಲಿ ಬದಲಿಸುವಾಗ ಸರ್ಕಾರ ಕರಡು ಹೊರಡಿಸಿ ಆಕ್ಷೇಪಣೆ, ಸಲಹೆ ಕೇಳುತ್ತದೆ. ಅದನ್ನು ಯಾರು ಬೇಕಾದರೂ ಕಳಿಸಬಹುದು. ಕಿಲೋ ಲೆಕ್ಕದ ಕೂಲಿ ದಿನಕ್ಕೆ ಎಷ್ಟಾಗುತ್ತದೆ ಅನ್ನುವ ನಿಮ್ಮ ಪಟ್ಟಿ ಅಲ್ಲಿಗೆ ಹೋಗಬೇಕು. ಕರಡು ಬಂದ ಮೇಲೆ ಬರೆಯಲು ಕೂತರೆ ಗಡುವು ಮುಗಿಯುತ್ತದೆ. ಈಗಲೇ ಸಿದ್ಧ ಮಾಡಿ ಇಟ್ಟುಕೊಳ್ಳಿ.

ಪ್ರಶ್ನೆ (ಹುಬ್ಬಳ್ಳಿಯಿಂದ): ನಾನು ಖಾಸಗಿ ಕಾಲೇಜಿನಲ್ಲಿದ್ದೇನೆ. ಬೇಕಾದ ಲೇಖನ ತೆರೆಯಲು ಹೋದರೆ ದುಡ್ಡು ಕೇಳುತ್ತವೆ.

ಉತ್ತರ: 2025ರ ಜನವರಿಯಿಂದ ಕೇಂದ್ರ ಸರ್ಕಾರದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಶನ್’ ಯೋಜನೆ ಜಾರಿಯಲ್ಲಿದೆ, ಜರ್ನಲ್‌ಗಳ ಚಂದಾ ಸರ್ಕಾರವೇ ಕಟ್ಟುತ್ತದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್ ಅದರಲ್ಲಿ ಸಿಗುತ್ತವೆ. ಆದರೆ ಅದು ಸರ್ಕಾರಿ ಸಂಸ್ಥೆಗಳಿಗೆ. ಸರ್ಕಾರಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹೊರಗಿನವರು ಕೂತು ಓದಬಹುದಾ ಅಂತ ವಿಚಾರಿಸಿ. ಇಲ್ಲವಾದರೆ ಲೇಖಕರಿಗೇ ನಾಲ್ಕು ಸಾಲಿನ ಮೇಲ್ ಹಾಕಿ. ಹೆಚ್ಚಿನವರು ಖುಷಿಯಿಂದಲೇ ಕಳಿಸಿಕೊಡುತ್ತಾರೆ.